ಅಣ್ಣನಿಗೆ ಕೆಂಪು ಕಾರ್ಡು

ಹೆಡ್ ಮೇಡಂ ಮೈದಾನದ ಗೇಟಿಗೆ ಬೀಗ ಹಾಕಿಸಿದ ದಿನದಿಂದ ಸೀಟಿ ಮೇಡಂ ಪಾಡು, ತವರಿಗೂ ಗಂಡನ ಮನೆಗೂ ಜಗಳ ಹತ್ತಿದಾಗ ನಡುವೆ ಸಿಕ್ಕ ಸೊಸೆಯ ಪಾಡಾಗಿತ್ತು. ಬೆಳಗ್ಗೆ ಶಾಲೆಯಲ್ಲಿ ಬೀದಿಯವರ ಪರ ಮಾತಾಡಿ ಬೈಸಿಕೊಳ್ಳುವುದು, ಸಂಜೆ ಬೀದಿಯಲ್ಲಿ ಶಾಲೆಯ ಪರ ಮಾತಾಡಿ ಬೈಸಿಕೊಳ್ಳುವುದು. ಎರಡೂ ಕಡೆಯ ಉಪ್ಪು ತಿಂದವಳು ಯಾರ ಬಾಯಿ ಮುಚ್ಚಿಸಿಯಾಳು?

ಅವಳು ಆ ಪ್ರೌಢಶಾಲೆಯ ವ್ಯಾಯಾಮದ ಟೀಚರ್. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಅದು. ಬರಬರುತ್ತ ಸ್ಟಾಫ್ ರೂಮಿಗೆ, ಆಮೇಲೆ ಬೀದಿಗೆ, ಕೊನೆಗೆ ಅವಳ ಸ್ವಂತ ಅತ್ತಿಗೆಯ ಬಾಯಿಗೂ ಹತ್ತಿಕೊಂಡಿತು. ಶಾಲೆಯ ಹಿಂದೆ ಮೈದಾನ. ಮೈದಾನದ ಆಚೆ ಬದಿಗೆ ಬೀದಿ. ಒಂದು ಬೇಕರಿ, ಒಂದು ಸಲೂನು, ಒಂದು ಇಸ್ತ್ರಿ ಅಂಗಡಿ, ಮೂಲೆಯಲ್ಲಿ ಅವಳ ಅಣ್ಣನ ಟೈರ್ ಅಂಗಡಿ. ಅಂಗಡಿಯ ಮೇಲಿನ ಮನೆಯಲ್ಲೇ ಅವಳು ಅಮ್ಮ, ಅಣ್ಣ, ಅತ್ತಿಗೆಯರ ಜೊತೆ ಇದ್ದದ್ದು. ಅಡುಗೆಮನೆಯ ಕಿಟಕಿ ತೆಗೆದರೆ ಗೋಲಿನ ಕಂಬ ಕಾಣುತ್ತಿತ್ತು.

ಬೀದಿಯವರಿಗೆ ಆ ಮೈದಾನ ಅಂಗಳವಿದ್ದ ಹಾಗೆ. ಬಸ್ ಸ್ಟಾಪಿಗೆ ಅದೇ ಅಡ್ಡದಾರಿ, ವಯಸ್ಸಾದವರಿಗೆ ಅಲ್ಲೇ ವಾಕಿಂಗ್, ಅಂಗಡಿ ಬಾಗಿಲು ಎಳೆದ ಮೇಲೆ ಗಂಡಸರಿಗೆ ಅಲ್ಲೇ ಫುಟ್‌ಬಾಲ್. ಹಳೆಯ ಹೆಡ್ ಮಾಸ್ತರರ ಕಾಲದಲ್ಲಿ ಗೇಟಿಗೆ ಬೀಗವಿದೆಯೋ ಇಲ್ಲವೋ ಎನ್ನುವುದೇ ಯಾರಿಗೂ ಗೊತ್ತಿರಲಿಲ್ಲ. ಹೊಸದಾಗಿ ಬಂದ ಹೆಡ್ ಮೇಡಂ ಶಿಸ್ತಿನ ಹೆಂಗಸು. ಕೆಟ್ಟವರಲ್ಲ, ಆದರೆ ಕಂಡದ್ದನ್ನು ಕಂಡ ಹಾಗೆ ಬಿಡುವವರೂ ಅಲ್ಲ. ಒಂದು ಮಧ್ಯಾಹ್ನ ಬೀದಿಯ ಕಡೆಯಿಂದ ಯಾವನೋ ಮೈದಾನದ ಮೇಲೆಯೇ ಬೈಕು ನುಗ್ಗಿಸಿಕೊಂಡು ಬಂದು, ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಪಾದದ ಮೇಲೆ ಹತ್ತಿಸಿ ಹೊರಟೇ ಹೋದ. ಯಾರೆಂದು ಬೀದಿ ಹೇಳಲಿಲ್ಲ. ಮರುದಿನವೇ ದೊಡ್ಡ ಗೇಟಿಗೆ ಅಂಗೈಯಗಲದ ಬೀಗ ಬಿತ್ತು. ಪಕ್ಕದ ಚಿಕ್ಕ ಬಾಗಿಲಿಗೂ ಚಿಲಕ, ಅದಕ್ಕೊಂದು ಕಾವಲು.

"ಒಬ್ಬ ಮಾಡಿದ ತಪ್ಪಿಗೆ ಊರಿಗೆಲ್ಲ ಬರೆ ಎಳೀತಾರಾ ನಿಮ್ಮ ಮೇಡಂ?" ಎಂದು ಅಣ್ಣ ಅವತ್ತು ಊಟದ ಹೊತ್ತಿಗೆ ಕೇಳಿದ್ದ.

"ಆ ಒಬ್ಬ ಯಾರು ಅಂತ ಊರು ಹೇಳಿದ್ರೆ ಬರೆ ಒಬ್ಬನಿಗೇ ಬೀಳ್ತಿತ್ತು," ಎಂದಿದ್ದಳು ಅವಳು.

ಅಣ್ಣ ತಟ್ಟೆಯಿಂದ ಮುಖ ಎತ್ತಲಿಲ್ಲ. ಅಮ್ಮ ಇಬ್ಬರಿಗೂ ಇನ್ನಷ್ಟು ಅನ್ನ ಬಡಿಸಿದಳು. ಆ ಮನೆಯಲ್ಲಿ ಜಗಳ ಬೆಳೆಯುವ ಹಾಗೆ ಕಂಡರೆ ಅಮ್ಮನ ಕೈಗೆ ಸೌಟು ಬಂದುಬಿಡುತ್ತಿತ್ತು.

ಅಣ್ಣನ ಜೊತೆ ಎದುರು ಮಾತಾಡುವುದು ಅವಳಿಗೆ ಸುಲಭದ ಕೆಲಸವಾಗಿರಲಿಲ್ಲ. ಅಪ್ಪ ತೀರಿಕೊಂಡಾಗ ಅವಳಿನ್ನೂ ಹಲ್ಲು ಬೀಳುವ ವಯಸ್ಸಿನವಳು; ಅಣ್ಣ ಇದೇ ಶಾಲೆಯಲ್ಲಿ ಒಂಬತ್ತನೇ ಕ್ಲಾಸು. ಪುಸ್ತಕ ಮಡಿಸಿಟ್ಟು ಪಂಕ್ಚರ್ ಹಾಕಲು ಕೂತ. ಅಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಕೆಲಸಕ್ಕೆ ಹೋಗುತ್ತಿದ್ದಳು. ಸಂಜೆ ತಂಗಿಯನ್ನು ನೋಡಿಕೊಳ್ಳುವವರಿಲ್ಲದೆ ಅವನು ಅವಳನ್ನೂ ಮೈದಾನಕ್ಕೆ ಎಳೆದುಕೊಂಡು ಹೋಗಿ, ಎರಡು ಚಪ್ಪಲಿಗಳ ನಡುವೆ ನಿಲ್ಲಿಸಿ, "ಇಲ್ಲೇ ನಿಂತ್ಕೊ, ಬಾಲ್ ಬಂದ್ರೆ ಹಿಡಿ, ಅಳಬೇಡ," ಎನ್ನುತ್ತಿದ್ದ. ಅಳುತ್ತಲೇ ಹಿಡಿಯುವುದನ್ನು ಕಲಿತಳು. ಆಮೇಲೆ ಅಳುವುದು ನಿಂತಿತು, ಹಿಡಿಯುವುದು ನಿಲ್ಲಲಿಲ್ಲ. ಜಿಲ್ಲಾ ತಂಡಕ್ಕೆ ಅಣ್ಣ ಆಯ್ಕೆಯಾಗಿದ್ದ, ಅಂಗಡಿ ಮುಚ್ಚಿ ಹೋಗಲಾರದೆ ಬಿಟ್ಟ. ಅವಳು ವ್ಯಾಯಾಮ ಶಿಕ್ಷಣದ ಕಾಲೇಜಿಗೆ ಹೋಗುತ್ತೇನೆ ಎಂದಾಗ ನೆಂಟರಿಷ್ಟರೆಲ್ಲ ಮೂಗು ಮುರಿದರು. ಅಣ್ಣ ಒಬ್ಬನೇ ಟ್ರಂಕು ಹೊತ್ತು ರೈಲು ಹತ್ತಿಸಿ, "ಓಡೋದನ್ನ ನಾನು ಕಲಿಸಿದೀನಿ. ಉಳಿದಿದ್ದು ಅವರು ಕಲಿಸ್ಲಿ," ಎಂದಿದ್ದ.

ಪರೀಕ್ಷೆ ಮುಗಿದು ರಜೆ ಶುರುವಾಗುವ ಮುಂಚಿನ ವಾರ ಆ ಶಾಲೆಯಲ್ಲಿ ಪಾಠ ಇರುತ್ತಿರಲಿಲ್ಲ. ಕಡೆಯ ದಿನ 'ಬೀದಿ ದಿನ'. ಬೀದಿಯವರನ್ನೆಲ್ಲ ಶಾಲೆಗೆ ಕರೆದು, ಮಕ್ಕಳು ಮಾಡಿದ ಮಾಡೆಲ್ಲು, ಚಿತ್ರ, ಹೊಲಿಗೆ ತೋರಿಸಿ, ಒಂದು ನಾಟಕ ಆಡಿ, ಹಿರಿಯರಿಗೆ ಚಮಚದಲ್ಲಿ ನಿಂಬೆಹಣ್ಣಿಟ್ಟು ಓಡಿಸಿ, ಸಾಯಂಕಾಲ ಶಾಲೆಗೂ ಬೀದಿಗೂ ಒಂದು ಫುಟ್‌ಬಾಲ್ ಪಂದ್ಯ. ಪಂದ್ಯ ಮುಗಿದ ಮೇಲೆ ಎಲ್ಲರಿಗೂ ಬೇಕರಿಯವನ ಬನ್ನು. ಹಳೆಯ ಪದ್ಧತಿ.

ಆ ಸಲ ಹೆಡ್ ಮೇಡಂ ಅದನ್ನು ಕೈಬಿಡಬೇಕೆಂದಿದ್ದರು. ಸ್ಟಾಫ್ ಮೀಟಿಂಗಿನಲ್ಲಿ ಅವರ ಮಾತು ನೇರವಾಗಿತ್ತು. "ಬೀದಿಯವರ ಮನಸ್ಸು ಸರಿ ಇಲ್ಲ. ಬೆಂಕಿ ಹತ್ರ ತುಪ್ಪ ಯಾಕೆ ತೆಗೆದುಕೊಂಡು ಹೋಗೋಣ? ಚಿತ್ರ, ನಾಟಕ ಬೇಕಾದ್ರೆ ನಮ್ಮ ಮಕ್ಕಳಿಗೆ ಮಾತ್ರ ಮಾಡ್ಕೊಳ್ಳೋಣ."

ಉಳಿದ ಟೀಚರುಗಳು ಉತ್ತರ ಪತ್ರಿಕೆಗಳ ಕಟ್ಟಿನ ಹಿಂದೆ ಮುಖ ಹುದುಗಿಸಿಕೊಂಡರು. ಸೀಟಿ ಮೇಡಂ ಎದ್ದು ನಿಂತಳು. "ಮೇಡಂ, ಈ ವರ್ಷ ನಿಲ್ಲಿಸಿದ್ರೆ ಆ ಬೀಗ ಇನ್ನು ಯಾವತ್ತೂ ತೆಗೆಯೋಕಾಗಲ್ಲ. ಅವರೂ ಬರಲ್ಲ, ನಾವೂ ಕರೆಯಲ್ಲ. ನಮ್ಮ ಅರ್ಧ ಮಕ್ಕಳು ಆ ಬೀದಿಯವರೇ."

"ಏನಾದರೂ ಹೆಚ್ಚುಕಡಿಮೆ ಆದ್ರೆ?"

"ನನ್ನ ತಲೆ ಮೇಲೆ ಹಾಕಿ."

ಹೇಳುವಾಗ ಸುಲಭವಾಗಿಯೇ ಬಂದ ಮಾತು. ಮೀಟಿಂಗು ಮುಗಿಸಿ ವರಾಂಡಕ್ಕೆ ಬಂದಾಗ ಅದರ ಭಾರ ತಿಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಆ ವಾರವೆಲ್ಲ ಶಾಲೆ ಮದುವೆ ಮನೆಯ ಹಾಗಿತ್ತು. ವರಾಂಡದ ತುಂಬ ಒಂದರ ಮೇಲೊಂದು ಹೇರಿದ ಬೆಂಚುಗಳು, ಅಂಟಿನ ವಾಸನೆ, ಗೋಡೆಗೆ ಚಾರ್ಟು ಅಂಟಿಸುವವರು, ಅಂಟಿಸಿದ್ದು ಬಿದ್ದು ಹೋಯಿತೆಂದು ಒಬ್ಬರ ಮೇಲೊಬ್ಬರು ಹೇಳುವವರು. ನಾಟಕದ ರಾಜನಿಗೆ ಮೀಸೆ ನಿಲ್ಲುತ್ತಿರಲಿಲ್ಲ. ಒಂಬತ್ತನೇ ಕ್ಲಾಸಿನವರು ಮನೆಮನೆಗೆ ಹೋಗಿ ಕರೆದು ಬರಬೇಕಿತ್ತು. ಹೋದವರು ಮುಖ ಸಣ್ಣದು ಮಾಡಿಕೊಂಡು ಬಂದರು. ಸಲೂನಿನವನು "ಬೀಗದ ಸಂದಿಯಿಂದ ಬರಬೇಕೇನಪ್ಪಾ?" ಎಂದನಂತೆ. ಬೇಕರಿಯವನು ಈ ಸಲ ಬನ್ನು ಇಲ್ಲ ಎಂದನಂತೆ.

ಅಣ್ಣ ಮಾತ್ರ ಬೇರೆಯೇ ಉತ್ತರ ಕೊಟ್ಟ. ಬೀದಿ ತಂಡಕ್ಕೆ ಮೊದಲಿನಿಂದಲೂ ಅವನೇ ಕ್ಯಾಪ್ಟನ್. "ಬರ್ತೀವಿ," ಎಂದ. "ನಾಟಕಕ್ಕಲ್ಲ, ನಿಂಬೆಹಣ್ಣಿಗೂ ಅಲ್ಲ. ಪಂದ್ಯಕ್ಕೆ ಮಾತ್ರ ಬರ್ತೀವಿ."

ಅವನು ಅದನ್ನು ಹೇಳಿದ ರೀತಿ ಅವಳಿಗೆ ಹಿಡಿಸಲಿಲ್ಲ. "ಮಕ್ಕಳ ಜೊತೆ ಆಡೋ ಪಂದ್ಯ ಅಣ್ಣ ಅದು. ಯುದ್ಧ ಅಲ್ಲ."

"ಅದನ್ನ ನಿಮ್ಮ ಮೇಡಂಗೆ ಹೇಳು."

ಕಡೆಯ ದಿನ ಬೆಳಗಿನ ಕಾರ್ಯಕ್ರಮಕ್ಕೆ ಹಾಕಿದ ಕುರ್ಚಿಗಳಲ್ಲಿ ಮುಕ್ಕಾಲು ಪಾಲು ಖಾಲಿ ಉಳಿದವು. ಕಾವಲಿನವನು ಚಿಕ್ಕ ಬಾಗಿಲು ತೆರೆದು ನಿಂತಿದ್ದ. ಒಬ್ಬರಾದ ಮೇಲೊಬ್ಬರು ಕೆಲವು ತಾಯಂದಿರು, ನಾಕಾರು ಅಜ್ಜ ಅಜ್ಜಿಯರು ಬಂದರು. ರಾಜನ ಮೀಸೆ ಎರಡನೇ ದೃಶ್ಯದಲ್ಲಿ ಉದುರಿ ಮಂತ್ರಿಯ ತಟ್ಟೆಗೆ ಬಿತ್ತು, ಆದರೂ ನಗುವುದಕ್ಕೆ ಜನ ಸಾಲದೆ ನಾಟಕ ಸಪ್ಪೆಯಾಯಿತು. ಹೆಡ್ ಮೇಡಂ ಮುಂದಿನ ಸಾಲಿನಲ್ಲಿ ಬೆನ್ನು ನೇರ ಮಾಡಿಕೊಂಡು ಕೂತಿದ್ದರು. ಸೀಟಿ ಮೇಡಂ ಕಡೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಪಂದ್ಯದ ಹೊತ್ತಿಗೆ ಬೀದಿಗೆ ಬೀದಿಯೇ ಬಂತು.

ಅಂಗಡಿಗಳ ಬಾಗಿಲು ಎಳೆದ ಸದ್ದು ಮೈದಾನದವರೆಗೂ ಕೇಳಿಸಿತು. ಚಿಕ್ಕ ಬಾಗಿಲಿನಲ್ಲಿ ಒಬ್ಬೊಬ್ಬರಾಗಿ ನುಸುಳಬೇಕಾದ್ದೇ ಅವರಿಗೆ ಇನ್ನಷ್ಟು ಉರಿ ಹೊತ್ತಿಸಿತು. ಒಳಗೆ ಬಂದವರೆಲ್ಲ ಒಂದೇ ಬದಿಗೆ ಹೋಗಿ ಕೈಕಟ್ಟಿ ನಿಂತರು. ಇನ್ನೊಂದು ಬದಿಗೆ ಶಾಲೆಯ ಮಕ್ಕಳು, ಟೀಚರುಗಳು. ಬೇರೆ ವರ್ಷಗಳಲ್ಲಿ ಎರಡೂ ಕಡೆಯವರು ಕಲಸಿಹೋಗಿ, ಯಾರು ಯಾರಿಗೆ ಕೂಗುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಈ ಸಲ ನಡುವೆ ಮೈದಾನ ಬೋಳು ಬೋಳಾಗಿ ಬಿದ್ದಿತ್ತು. ಅದರ ಮಧ್ಯೆ ಸೀಟಿ ಮೇಡಂ ಒಬ್ಬಳೇ, ಚೆಂಡು ಕಂಕುಳಲ್ಲಿಟ್ಟುಕೊಂಡು.

ಶಾಲೆಯ ತಂಡದಲ್ಲಿ ಹುಡುಗರೂ ಹುಡುಗಿಯರೂ ಇದ್ದರು. ಅದು ಅವಳೇ ಹಾಕಿದ ಪದ್ಧತಿ. ಮುಂದಾಳಾಗಿ ಒಂಬತ್ತನೇ ಕ್ಲಾಸಿನ ಕಡ್ಡಿ. ಇಸ್ತ್ರಿ ಅಂಗಡಿಯ ಅಕ್ಕನ ಮಗಳು. ಹೆಸರಿಗೆ ತಕ್ಕ ಹಾಗೆ ಗಾಳಿ ಬೀಸಿದರೆ ಹಾರಿಹೋಗುವಂಥ ಮೈ, ಆದರೆ ಚೆಂಡು ಕಾಲಿಗೆ ಸಿಕ್ಕರೆ ಹಿಡಿಯುವವರಿಲ್ಲ. ಅವಳ ಅಮ್ಮ ಅವತ್ತು ಅಂಗಡಿ ಮುಚ್ಚಿರಲಿಲ್ಲ. ಮದುವೆ ಬಟ್ಟೆಗಳ ಗಂಟು ಬಂದಿತ್ತು.

ಆಟ ಶುರುವಾದ ಕೂಡಲೇ ಮೈದಾನದ ಬಿಸಿ ಸೀಟಿ ಮೇಡಂಗೆ ತಿಳಿಯಿತು. ಬೀದಿಯವರು ಭುಜ ಕೊಟ್ಟು ಆಡುತ್ತಿದ್ದರು. ಅವಳು ಸೀಟಿ ಊದಿದಾಗಲೆಲ್ಲ ಬೀದಿಯ ಬದಿಯಿಂದ "ಓಹೋ" ಎಂಬ ಸದ್ದು ಏಳುತ್ತಿತ್ತು. ಶಾಲೆಯ ಮಕ್ಕಳು ಹೆದರಿ ಚೆಂಡನ್ನು ಸಿಕ್ಕ ಕಡೆ ಒದ್ದು ಕೈತೊಳೆದುಕೊಳ್ಳುತ್ತಿದ್ದರು. ಮೊದಲರ್ಧ ಮುಗಿಯುತ್ತ ಬಂದಾಗ ಮೂಲೆಯಿಂದ ಬಂದ ಚೆಂಡಿಗೆ ಅಣ್ಣ ಎಗರಿ ತಲೆ ಕೊಟ್ಟ. ಚೆಂಡು ಬಲೆಯೊಳಗೆ. ಬೀದಿ ಕುಣಿಯಿತು. ಅವಳು ಕೈ ಎತ್ತಿದಳು. ಅವನು ಎಗರುವ ಮುಂಚೆ ಪಕ್ಕದ ಹುಡುಗನ ಭುಜ ಅದುಮಿದ್ದನ್ನು ಅವಳು ನೋಡಿದ್ದಳು.

"ಗೋಲಿಲ್ಲ. ಫೌಲು."

ಅಣ್ಣ ಹತ್ತಿರ ಬಂದ. ಬೆವರು ಹರಿಯುತ್ತಿತ್ತು. "ಏಯ್, ನಾನು ಮುಟ್ಟಿದ್ದೇ ಇಲ್ಲ."

"ಮುಟ್ಟಿದೀರಿ. ಆಟ ಮುಂದುವರಿಸಿ."

ಹುಟ್ಟಿದಾಗಿನಿಂದ ಅವನನ್ನು ನೀನು ಎಂದು ಕರೆದ ಬಾಯಿ. ಅಪ್ಪನ ಜಾಗದಲ್ಲಿ ನಿಂತವನಾದರೂ ಅವನಿಗೆ ಬಹುವಚನ ಬೇಕಿರಲಿಲ್ಲ, ಅವಳೂ ಕೊಟ್ಟಿರಲಿಲ್ಲ. ಈಗ ತಾನಾಗಿ ಹೊರಬಿತ್ತು. ಅಣ್ಣ ಒಂದು ಕ್ಷಣ ಅವಳ ಮುಖವನ್ನೇ ನೋಡಿ ಹಿಂದಕ್ಕೆ ಓಡಿದ.

ಎರಡನೆಯರ್ಧದಲ್ಲಿ ಕಡ್ಡಿಗೆ ಮೈಚಳಿ ಬಿಟ್ಟಿತು. ನಡುಮೈದಾನದಲ್ಲಿ ಚೆಂಡು ಹಿಡಿದು ಇಬ್ಬರನ್ನು ದಾಟಿ ಅಣ್ಣನ ಎದುರು ಬಂದಳು. ಅಣ್ಣ ಕಾಲು ಅಗಲಿಸಿ ಬಾಗಿಲಿನ ಹಾಗೆ ನಿಂತಿದ್ದ. ಅವಳು ಚೆಂಡನ್ನು ಅವನ ಎರಡು ಕಾಲುಗಳ ನಡುವೆಯೇ ತೂರಿಸಿ, ಸುತ್ತು ಹಾಕಿ ಆ ಕಡೆ ಹೋಗಿ ಹಿಡಿದುಕೊಂಡಳು. ಅವತ್ತು ಅಲ್ಲಿಯವರೆಗೆ ಯಾರೂ ನಕ್ಕಿರಲಿಲ್ಲ. ಈಗ ಎರಡೂ ಬದಿ ಒಟ್ಟಿಗೆ ನಕ್ಕವು.

"ಟೈರ್ ಅಣ್ಣಾ, ಗೇಟು ತೆರೆದಿಟ್ಟಿದೀಯಲ್ಲೋ," ಎಂದು ಸಲೂನಿನವನು ಕೂಗಿದ.

ಬೀದಿಯ ನಗೆ ಅಣ್ಣನಿಗೆ ಎಲ್ಲಿ ತಾಗಿತೆಂದು ಸೀಟಿ ಮೇಡಂಗೆ ಅವನ ಕಿವಿ ನೋಡಿಯೇ ಗೊತ್ತಾಯಿತು. ಸಿಟ್ಟು ಬಂದರೆ ಅವನ ಕಿವಿ ಮೊದಲು ಕೆಂಪಾಗುತ್ತಿತ್ತು. ಅವನ ಹತ್ತಿರ ಹೋಗಿ ಒಂದು ಮಾತು ಹೇಳಬೇಕೆಂದುಕೊಂಡಳು. ಅಷ್ಟರಲ್ಲಿ ಚೆಂಡು ಮತ್ತೆ ಕಡ್ಡಿಯ ಕಾಲಿಗೆ ಬಂದಿತ್ತು. ಅವಳು ಮತ್ತೆ ಅವನತ್ತಲೇ ಓಡಿ ಬರುತ್ತಿದ್ದಳು, ಮುಖದ ತುಂಬ ಆಗಿನ ನಗೆಯೇ ಇತ್ತು. ಅಣ್ಣ ನಿಂತಲ್ಲಿಂದಲೇ ಚಿಮ್ಮಿದ. ಆಗಲೇ ಸೀಟಿ ಮೇಡಂಗೆ ತಿಳಿಯಿತು, ಅವನು ಚೆಂಡು ನೋಡುತ್ತಿಲ್ಲ.

ಒಣ ಕಡ್ಡಿ ಮುರಿದ ಸದ್ದು. ಅದು ಗೋಲಿನ ಹಿಂದೆ ನಿಂತವರಿಗೂ ಕೇಳಿಸಿತು.

ಅವಳು ಸೀಟಿ ಊದುತ್ತ ಓಡಿದಳು. ಕಡ್ಡಿ ನೆಲದ ಮೇಲೆ ಮಗ್ಗುಲಾಗಿ ಬಿದ್ದಿದ್ದಳು. ಕೂಗುತ್ತಿರಲಿಲ್ಲ. ತುಟಿ ಬಿಳಿಚಿಕೊಂಡಿತ್ತು. ಮೊಣಕಾಲಿನ ಕೆಳಗೆ ಕಾಲು ಇರಬೇಕಾದ ಹಾಗೆ ಇರಲಿಲ್ಲ.

"ಅಲ್ಲಾಡಬೇಡ. ನನ್ನ ಕೈ ಹಿಡ್ಕೊ. ನನ್ನನ್ನ ನೋಡು."

"ಮೇಡಂ, ಪೆನಾಲ್ಟಿ ತಾನೇ?" ಎಂದಳು ಹುಡುಗಿ ಹಲ್ಲು ಕಚ್ಚಿಕೊಂಡು.

"ಪೆನಾಲ್ಟಿನೇ ಕಣೇ."

ತಲೆ ಎತ್ತಿದಾಗ ಎರಡೂ ಬದಿಯ ಜನ ಗೆರೆ ದಾಟಿ ಬರುತ್ತಿದ್ದರು. ಹಿರಿಯ ಹುಡುಗರಲ್ಲಿ ಒಬ್ಬ ಬಾವುಟದ ಕೋಲು ಕಿತ್ತುಕೊಂಡಿದ್ದ. ಬೀದಿಯ ಕಡೆ ಯಾರೋ ತೋಳು ಮಡಿಸುತ್ತಿದ್ದ. ಅಣ್ಣ ಎರಡು ಹೆಜ್ಜೆ ದೂರದಲ್ಲಿ ನಿಂತು, ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಅಂಗಿಗೆ ಒರೆಸಿಕೊಳ್ಳುತ್ತಿದ್ದ. ಇನ್ನೊಂದು ಗಳಿಗೆ ಬಿಟ್ಟರೆ ಇಲ್ಲಿ ಯಾರ ಕೈ ಯಾರ ಮೇಲೆ ಬೀಳುತ್ತದೋ ಹೇಳುವ ಹಾಗಿರಲಿಲ್ಲ. ಅವಳು ಹುಡುಗಿಯ ಕೈಯನ್ನು, ಓಡಿ ಬಂದಿದ್ದ ಶಾಲೆಯ ಗೋಲ್‌ಕೀಪರ್ ಹುಡುಗಿಯ ಕೈಗಿತ್ತು ಎದ್ದಳು. ಜೇಬಿಗೆ ಕೈ ಹಾಕಿದಳು. ಆ ಕಾರ್ಡು ಅವಳು ಟೀಚರಾದಂದಿನಿಂದ ಜೇಬಿನಲ್ಲೇ ಇತ್ತು. ಬೀದಿ ದಿನದ ಪಂದ್ಯದಲ್ಲಿ ಒಮ್ಮೆಯೂ ಹೊರಗೆ ಬಂದಿರಲಿಲ್ಲ.

ಕೈ ಎತ್ತಿ ಹಿಡಿದಳು. ಕೆಂಪು.

ಬರುತ್ತಿದ್ದವರು ನಿಂತರು.

"ನನಗಾ?" ಎಂದ ಅಣ್ಣ. ಧ್ವನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು.

"ನಿಮಗೇ. ಹೊರಗೆ ಹೋಗಿ."

ಮೈದಾನದ ಆಚೆ ಅಡುಗೆಮನೆಯ ಕಿಟಕಿಯಲ್ಲಿ ಅಮ್ಮ ನಿಂತಿರುತ್ತಾಳೆಂದು ಅವಳಿಗೆ ಗೊತ್ತಿತ್ತು. ಅತ್ತ ನೋಡಲಿಲ್ಲ. ಕೈ ಇಳಿಸಲೂ ಇಲ್ಲ. ಬೀದಿಯ ಕಡೆಯಿಂದ "ಅಣ್ಣನಿಗೇ ಹೊರಗೆ ಹೋಗು ಅಂತಾಳಲ್ಲ, ಉಂಡ ಮನೆಗೆ," ಎಂದು ಯಾರೋ ಅಂದರು. ಮಾತು ಪೂರ್ತಿ ಮಾಡಲಿಲ್ಲ. ಅಣ್ಣ ತೋಳಿಗೆ ಕಟ್ಟಿದ್ದ ಕ್ಯಾಪ್ಟನ್ ಪಟ್ಟಿ ಬಿಚ್ಚಿದ. ಅದನ್ನು ಅವಳ ಕಾಲ ಬಳಿ ಎಸೆಯುತ್ತಾನೆಂದೇ ಎಲ್ಲರೂ ಅಂದುಕೊಂಡರು. ಬೇಕರಿಯವನ ಕೈಗೆ ಕೊಟ್ಟು, ತಲೆ ತಗ್ಗಿಸಿಕೊಂಡು ಗೆರೆಯ ಆಚೆ ಹೋಗಿ ನಿಂತ. ಅವನೇ ಜಗಳ ಮಾಡದ ಮೇಲೆ ಅವನ ಪರವಾಗಿ ಜಗಳಕ್ಕೆ ಬಂದವರಿಗೆ ಕೈಕಾಲು ಆಡದಂತಾಯಿತು. ಅದೂ ಅಲ್ಲದೆ ಬಿದ್ದವಳು ಬೀದಿಯದೇ ಮಗು.

ಈಗ ಹುಡುಗಿಯನ್ನು ಸಾಗಿಸಬೇಕಿತ್ತು. ಆಂಬುಲೆನ್ಸಿಗೆ ಫೋನು ಮಾಡಿದ ಗಣಿತದ ಮೇಷ್ಟ್ರು, ಬರುವುದು ತಡವಂತೆ ಎಂದರು. ವರಾಂಡದಿಂದ ಉದ್ದನೆಯ ಬೆಂಚೊಂದನ್ನು ತಂದರು. ಎತ್ತಲು ಗಟ್ಟಿ ಕೈ ಬೇಕಿತ್ತು. ಗೆರೆಯ ಅಂಚಿನಲ್ಲಿ ಅಣ್ಣ ನಿಂತಿದ್ದ. ಕಾಲಿನ ಹೆಬ್ಬೆರಳು ಸುಣ್ಣದ ಗೆರೆಗೆ ತಾಗಿತ್ತು, ಆದರೆ ದಾಟಿರಲಿಲ್ಲ. ಹೊರಗೆ ಹಾಕಿಸಿಕೊಂಡವನು ರೆಫರಿ ಕರೆಯದೆ ಒಳಗೆ ಬರಬಾರದು. ಅದನ್ನು ಅವಳಿಗೆ ಹೇಳಿಕೊಟ್ಟವನೇ ಅವನು.

"ಆಟ ನಿಂತಿದೆ. ಬಾ ಅಣ್ಣ," ಎಂದಳು.

ಅವನು ಓಡಿ ಬಂದು ಬೆಂಚಿನ ತಲೆಯ ಕಡೆ ಹಿಡಿದ. "ಅಂಗಡಿ ಗಾಡಿ ಗೇಟಿನ ಹೊರಗಿದೆ," ಎಂದ. "ಟೈರ್ ಎಲ್ಲ ಇಳಿಸಿ ಖಾಲಿ ಮಾಡಿದೀನಿ ಬೆಳಗ್ಗೆನೇ."

ಚಿಕ್ಕ ಬಾಗಿಲಿನಲ್ಲಿ ಬೆಂಚು ಹಿಡಿಸುವುದಿಲ್ಲ. ದೊಡ್ಡ ಗೇಟಿಗೆ ಬೀಗ. ಬೀದಿಯ ಗಂಡಸರೆಲ್ಲ ಅದರ ಮುಂದೆ ಗುಂಪು ಸೇರಿದರು. ಯಾರೋ ಆಗಲೇ ಕಬ್ಬಿಣದ ಸರಳು ತಂದಿದ್ದ. "ಒಡೀರಿ, ಹಾಳಾಗ್ಹೋಗ್ಲಿ," ಎಂದರು. ಕಾವಲಿನವನು ಅಡ್ಡ ನಿಂತ, ಅವನನ್ನು ಪಕ್ಕಕ್ಕೆ ತಳ್ಳಿದರು. ಹೆಡ್ ಮೇಡಂ ಆಫೀಸಿನಿಂದ ಬೀಗದ ಕೈಗಳ ಗೊಂಚಲು ಹಿಡಿದು ಓಡುತ್ತ ಬಂದರು. ಅವರು ಓಡಿದ್ದನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಗೊಂಚಲಿನಲ್ಲಿ ಎಲ್ಲ ಕೀಲಿಯೂ ಒಂದೇ ಥರ. ಒಂದನ್ನು ತೂರಿಸಿದರು, ಹಿಡಿಸಲಿಲ್ಲ. ಇನ್ನೊಂದು. ಗೊಂಚಲು ಕೈಜಾರಿ ಕೆಳಗೆ ಬಿತ್ತು. ಸರಳು ಹಿಡಿದವನು ಮುಂದೆ ಬಂದ.

ಸೀಟಿ ಮೇಡಂ ಅವನಿಗೂ ಹೆಡ್ ಮೇಡಂಗೂ ನಡುವೆ ಹೋಗಿ ನಿಂತಳು. "ಅವರು ತೆಗೀತಾರೆ. ಕೈ ಕೆಳಗಿಳಿಸು."

"ಮಗು ಸಾಯ್ತಾ ಇದ್ರೂ ನಿಮ್ಮ ಬೀಗನೇ ಹೆಚ್ಚಾ?"

"ಕೈ ಇಳಿಸು ಅಂದೆ." ಅವಳು ಹೆಡ್ ಮೇಡಂ ಕಡೆ ತಿರುಗದೆಯೇ, ಮೆಲ್ಲಗೆ, "ನಿಧಾನ ಮೇಡಂ. ಒಂದೊಂದೇ ನೋಡಿ," ಎಂದಳು.

ಬೀಗ ಕಳಚಿತು. ಗೇಟು ಕಿರುಗುಟ್ಟುತ್ತ ಎರಡೂ ಕಡೆ ತೆರೆದುಕೊಂಡಿತು. ಬೆಂಚಿನ ಸಮೇತ ಹುಡುಗಿಯನ್ನು ಗಾಡಿಯ ಹಿಂದೆ ಏರಿಸಿದರು. ಜೊತೆಗೆ ಹತ್ತಲು ಕಾಲಿಟ್ಟ ಸೀಟಿ ಮೇಡಂ ಹಿಂದೆ ತಿರುಗಿ ನೋಡಿದಳು. ಮೈದಾನದಲ್ಲಿ ಎರಡು ತಂಡ, ಎರಡು ಗುಂಪು, ಬಾವುಟದ ಕೋಲು ಇನ್ನೂ ಆ ಹುಡುಗನ ಕೈಯಲ್ಲೇ. ಇವರನ್ನು ಹೀಗೇ ಬಿಟ್ಟು ಹೋದರೆ ಅವಳು ಆಸ್ಪತ್ರೆ ಮುಟ್ಟುವುದರೊಳಗೆ ಬೀದಿಯಲ್ಲಿ ತಲೆಗಳು ಒಡೆದಿರುತ್ತವೆ. ಕೊರಳಿನಿಂದ ಸೀಟಿ ತೆಗೆದು ಹೆಡ್ ಮೇಡಂ ಕೈಗಿತ್ತಳು.

"ಆಟ ಮುಗಿಸಿ ಮೇಡಂ. ಅರ್ಧಕ್ಕೆ ಬಿಟ್ರೆ ಜಗಳ ಆಗುತ್ತೆ. ಮೊದಲು ಪೆನಾಲ್ಟಿ ಕೊಡಿ."

"ನನಗೆ ಏನೂ ಗೊತ್ತಿಲ್ಲಮ್ಮ ಇದರಲ್ಲಿ."

"ನಡುವೆ ನಿಂತು ಊದಿ. ಸಾಕು."

ಗಾಡಿ ಹೊರಟಿತು. ಹುಡುಗಿಯ ತಲೆ ಅವಳ ತೊಡೆಯ ಮೇಲಿತ್ತು. ಹಳ್ಳ ಬಂದಾಗಲೆಲ್ಲ ಅಣ್ಣ ಗಾಡಿಯನ್ನು ನಡೆಯುವ ವೇಗಕ್ಕೆ ಇಳಿಸುತ್ತಿದ್ದ. ಆದರೂ ಹುಡುಗಿ ಅವಳ ಕೈಯನ್ನು ಉಗುರು ಊರುವಂತೆ ಹಿಡಿದಿದ್ದಳು. ಹಿಂದೆ, ದೂರದಲ್ಲಿ, ಸೀಟಿ ಊದಿದ ಸದ್ದು ಕೇಳಿಸಿತು. ಸಣ್ಣಗೆ, ಅಳುಕುತ್ತ. ಆಮೇಲೆ ಇನ್ನೊಂದು ಸಲ, ಜೋರಾಗಿ.

ಆಸ್ಪತ್ರೆಯಲ್ಲಿ ಹುಡುಗಿಯನ್ನು ಒಳಗೆ ತೆಗೆದುಕೊಂಡು ಹೋದ ಮೇಲೆ ಅಣ್ಣ ತಂಗಿ ಕಾರಿಡಾರಿನ ಬೆಂಚಿನ ಎರಡು ತುದಿಗೆ ಕೂತರು. ಅವನ ಅಂಗಿಯ ಬೆನ್ನಿಗೆ ಮಣ್ಣು ಮೆತ್ತಿತ್ತು. ಫಿನಾಯಿಲಿನ ವಾಸನೆ. ಯಾರದೋ ಹೆಸರು ಕೂಗುತ್ತಿದ್ದರು.

"ನಾನು ಬಾಲ್‌ಗೇ ಹೋಗಿದ್ದು," ಎಂದ ಅವನು.

ಅವಳು ಅಂಗೈಯಲ್ಲಿ ಮೂಡಿದ್ದ ಹುಡುಗಿಯ ಉಗುರಿನ ಗುರುತು ನೋಡಿಕೊಂಡಳು.

"ಬಾಲ್‌ಗೇ ಹೋಗಿದ್ದು ಕಣೇ."

"ಇಲ್ಲ ಅಣ್ಣ."

ಅವನು ಎದುರಿನ ಗೋಡೆ ನೋಡಿದ. ಮೊಣಕಾಲ ಮೇಲಿಟ್ಟ ಕೈಗಳು, ಟೈರಿನ ಕಪ್ಪು ಎಂದೂ ಹೋಗದ ಉಗುರುಗಳು. "ಹೂಂ," ಎಂದ. "ಇಲ್ಲ."

ಇಸ್ತ್ರಿ ಅಕ್ಕ ಬಂದಾಗ ಇಬ್ಬರೂ ಎದ್ದು ನಿಂತರು. ಅವಳು ಅಳುತ್ತಿರಲಿಲ್ಲ, ಅತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಅಣ್ಣನ ಎದುರಿಗೆ ಬಂದು, ಅವನ ಎದೆಯ ಎತ್ತರಕ್ಕೆ ನಿಂತು ಕೇಳಿದಳು. "ನಿನ್ನ ತಂಗಿನ ಆಡಿಸಿದೋನು ನೀನು. ನನ್ನ ಮಗಳನ್ನ ಯಾಕಪ್ಪಾ ಮುರಿದೆ?"



"ನಕ್ಕಳು ಅಂತ," ಎಂದ ಅಣ್ಣ. "ಎಲ್ಲರೂ ನಕ್ಕರು ಅಂತ, ಅಕ್ಕ."

ಇಸ್ತ್ರಿ ಅಕ್ಕ ತಲೆ ಎತ್ತಿ ಅವನ ಮುಖ ನೋಡಿದಳು. ಸೀಟಿ ಮೇಡಂ ಇಬ್ಬರ ಪಕ್ಕಕ್ಕೆ ಬಂದು ನಿಂತಳು. ಕೆನ್ನೆಗೆ ಬಿಗಿಯುತ್ತಾಳೆ, ಇಲ್ಲವೇ ಪೊಲೀಸ್ ಎನ್ನುತ್ತಾಳೆ. ಎರಡಕ್ಕೂ ಅವಳಿಗೆ ಹಕ್ಕಿತ್ತು.

"ಮೂಳೆ ಕೂಡೋವರೆಗೂ ಅವಳು ಎಲ್ಲಿಗೆ ಹೋಗಬೇಕೋ ಅಲ್ಲಿಗೆಲ್ಲ ನೀನೇ ಕರ್ಕೊಂಡು ಹೋಗು," ಎಂದಳು ಇಸ್ತ್ರಿ ಅಕ್ಕ. "ಆಸ್ಪತ್ರೆಗೆ, ಶಾಲೆಗೆ. ನೀನೇ ಎತ್ತು, ನೀನೇ ಇಳಿಸು. ಅವಳು ನಕ್ಕರೆ ನಗಿಸ್ಕೊ." ಆಮೇಲೆ ಸೀಟಿ ಮೇಡಂ ಕಡೆ ತಿರುಗಿದಳು. "ನೀವು ಕಾರ್ಡು ತೋರಿಸಿದ್ರಂತೆ. ಅದಿಲ್ಲದೆ ಇದ್ದಿದ್ರೆ ನಿಮ್ಮನ್ನೂ ಇವತ್ತು ಬಿಡ್ತಿರಲಿಲ್ಲ ನಾನು."

ರಾತ್ರಿ ಮನೆಗೆ ಬಂದಾಗ ಮೈದಾನದ ಕಥೆ ಅತ್ತಿಗೆಯ ಬಾಯಿಂದ ಕೇಳಿದಳು. ಪೆನಾಲ್ಟಿಯನ್ನು ಶಾಲೆಯ ಗೋಲ್‌ಕೀಪರ್ ಹುಡುಗಿಯೇ ಬಂದು ಹೊಡೆದಳಂತೆ. ಹೆಡ್ ಮೇಡಂ ನಡುವೆ ನಿಂತು ಕಂಡದ್ದಕ್ಕೆಲ್ಲ ಸೀಟಿ ಊದಿದರಂತೆ. ಚೆಂಡು ಹೊರಗೆ ಹೋದರೂ ಊದು, ಒಳಗೆ ಬಂದರೂ ಊದು, ನಾಯಿ ಬಂದರೂ ಊದು. ಬೇಕರಿಯವನು ಸುಮ್ಮನೆ ಎಡವಿ ಬಿದ್ದದ್ದಕ್ಕೆ "ಯಾಕೆ ಬಿದ್ರಿ?" ಎಂದು ಗದರಿದರಂತೆ. ಬಾವುಟದ ಕೋಲು ಹಿಡಿದಿದ್ದ ಹುಡುಗ ನಕ್ಕು ನಕ್ಕು ನೆಲಕ್ಕೆ ಕೂತನಂತೆ. ಗೆದ್ದವರು ಯಾರೆಂದು ಮಾತ್ರ ಒಬ್ಬೊಬ್ಬರು ಒಂದೊಂದು ಹೇಳಿದರು. ಹೆಡ್ ಮೇಡಂಗೆ ಗೋಲು ಎಣಿಸಬೇಕೆಂದು ಗೊತ್ತಿರಲಿಲ್ಲ.

ಹಾಗೆಂದು ಎಲ್ಲ ಸುಖಾಂತವಾಗಲಿಲ್ಲ. ರಜೆಯ ನಡುವೆ ಶಾಲೆಯ ಆಡಳಿತ ಮಂಡಳಿ ಸೀಟಿ ಮೇಡಂ ಅನ್ನು ಕರೆಸಿ ಅವಳ ಮಾತಿನಂತೆಯೇ ಎಲ್ಲವನ್ನೂ ಅವಳ ತಲೆಯ ಮೇಲೆ ಹಾಕಿತು. ಹೆಡ್ ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತು, "ಪಂದ್ಯಕ್ಕೆ ಸಹಿ ಹಾಕಿದವಳು ನಾನು, ಗೇಟಿಗೆ ಬೀಗ ಹಾಕಿಸಿದವಳೂ ನಾನೇ," ಎಂದರು. ಅಷ್ಟರಿಂದ ಅವಳ ಕೆಲಸ ಉಳಿಯಿತು, ಬೀದಿ ದಿನ ಉಳಿಯಲಿಲ್ಲ. ಮುಂದಿನ ವರ್ಷದ್ದು ಆಗ ನೋಡೋಣ ಎಂದರು. ಗೇಟನ್ನು ಸಂಜೆ ಹೊತ್ತು ನಡೆಯುವವರಿಗೆ ತೆರೆಯುವುದೆಂದಾಯಿತು. ಬೈಕಿನವನು ಯಾರೆಂದು ಬೀದಿ ಕೊನೆಗೂ ಹೇಳಲಿಲ್ಲ.

ಮನೆಯಲ್ಲಿ ಅಣ್ಣ ಅವಳ ಜೊತೆ ಮಾತು ಬಿಟ್ಟಿದ್ದ. "ಮೇಡಂಗೆ ಹೇಳಮ್ಮ, ಬಚ್ಚಲು ಖಾಲಿ ಇದೆ," ಎಂದು ಅಮ್ಮನ ಮೂಲಕ ಹೇಳಿಸುತ್ತಿದ್ದ. ಅಮ್ಮ ಸೌಟು ಹಿಡಿದು ಹಿಡಿದು ಸೋತಳು. ಆದರೆ ದಿನ ಬೆಳಗಾದರೆ ಗಾಡಿ ತೊಳೆದು, ಹಿಂದೆ ಹಾಸಿಗೆ ಹಾಸಿ, ಇಸ್ತ್ರಿ ಅಂಗಡಿಯ ಮುಂದೆ ನಿಲ್ಲಿಸುತ್ತಿದ್ದ. ಕಡ್ಡಿಯನ್ನು ಎತ್ತಿ ಇಳಿಸುವಾಗ ಅವಳು ಏನೇನೋ ಹೇಳಿ ಅವನನ್ನು ರೇಗಿಸುತ್ತಿದ್ದಳಂತೆ. ಇವನ ಕಿವಿ ಕೆಂಪಾಗುತ್ತಿತ್ತಂತೆ. ಬಾಯಿ ಮಾತ್ರ ಬಿಡುತ್ತಿರಲಿಲ್ಲವಂತೆ.

ಶಾಲೆ ಮತ್ತೆ ಶುರುವಾದ ವಾರ, ಒಂದು ಸಂಜೆ ಸೀಟಿ ಮೇಡಂ ಮೈದಾನದಿಂದ ಬಂದು ಅಂಗಡಿಯ ಮುಂದೆ ನಿಂತಳು. ಅಣ್ಣ ನೆಲಕ್ಕೆ ಕೂತು ಯಾವುದೋ ಕಾರಿನ ಚಕ್ರಕ್ಕೆ ನಟ್ಟು ಬಿಗಿಯುತ್ತಿದ್ದ. ಅವಳು ಮೆಟ್ಟಿಲು ಹತ್ತಿ ಮೇಲೆ ಹೋಗುವವಳಿದ್ದಳು.

"ಏಯ್," ಎಂದ ಅವನು ತಲೆ ಎತ್ತದೆ. "ಮುಂದಿನ ವರ್ಷ ಪಂದ್ಯ ಇಟ್ರೆ, ನಾನು ಆಡೋ ಹಾಗಿಲ್ಲ ಅಲ್ವಾ?"

"ಇಲ್ಲ. ಕೆಂಪು ಕಾರ್ಡು ಬಿದ್ರೆ ಮುಂದಿನ ಪಂದ್ಯಕ್ಕೂ ಹೊರಗೆ."

"ಗೊತ್ತು," ಎಂದ ಅಣ್ಣ. ಸ್ಪ್ಯಾನರಿಗೆ ಇನ್ನೊಂದು ಸುತ್ತು ಕೊಟ್ಟ. "ನಿನಗೆ ನೆನಪಿದೆಯೋ ಇಲ್ವೋ ಅಂತ ಕೇಳಿದೆ. ಮೇಲೆ ಹೋಗು, ಅಮ್ಮ ಕಾಯ್ತಿದಾಳೆ."